ಸರಾಸರಿ ಯಾರಿಗೆ ಬಿತ್ತು?

(ರಾಮನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಅರ್ಥಶಾಸ್ತ್ರಜ್ಞರೂ ಸಂಖ್ಯಾಶಾಸ್ತ್ರಜ್ಞರೂ ತಮ್ಮತಮ್ಮಲ್ಲಿ ನಡೆಸಿಕೊಂಡು ಬಂದ ಚರ್ಚೆಯ ಪರಂಪರೆಯನ್ನು ಕುರಿತು ಮಾತಾಡಬೇಕೆಂದು ನನ್ನನ್ನು ಕೇಳಿದ್ದಾರೆ. ನಲವತ್ತು ವರ್ಷ ಪಾಠ ಹೇಳಿದ ವಿಷಯ. ಆದರೂ ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ನಿನ್ನೆ ಬೆಳಗ್ಗೆ ನಮ್ಮ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನಿಂತೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ರೈತ ತಂದ ಗೂಡನ್ನು ಜಾಲರಿಗೆ ಸುರಿದು ಲಾಟು ನಂಬರು ಬಿದ್ದ ಮೇಲೆ ನೂಲು ಬಿಚ್ಚುವ ರೀಲರು ಬರುತ್ತಾನೆ. ಮೇಲೆ ಹೊಳೆಯುತ್ತಿರುವ ಗೂಡನ್ನು ಅವನು ಮುಟ್ಟುವುದಿಲ್ಲ. ಕೈಯನ್ನು ಒಳಕ್ಕೆ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ, ಆ ಕಡೆ ಮೂಲೆಯಿಂದ ಇನ್ನೊಂದು ಹಿಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಬೆರಳಲ್ಲಿ ಅದುಮಿ ಗಟ್ಟಿ ನೋಡುತ್ತಾನೆ. ತೆಳುಗೂಡು ಎಷ್ಟು, ಕಲೆಗೂಡು ಎಷ್ಟು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಷ್ಟು ಎಂದು ಕಣ್ಣಲ್ಲೇ ಎಣಿಸುತ್ತಾನೆ. ಒಂದು ಕಿಲೋ ನೂಲು ಬಿಚ್ಚಬೇಕಾದರೆ ಈ ಲಾಟಿನಲ್ಲಿ ಎಷ್ಟು ಕಿಲೋ ಗೂಡು ಬೇಕಾದೀತು? ಆ ಲೆಕ್ಕಕ್ಕೆ ಅವರು ರೆಂಡಿಟ್ಟಾ ಎನ್ನುತ್ತಾರೆ. ಒಳ್ಳೆಯ ದ್ವಿತಳಿ ಗೂಡಾದರೆ ಆರು, ಆರೂವರೆ, ಮಿಶ್ರತಳಿಯಾದರೆ ಏಳೆಂಟು. ಆ ಅಂದಾಜು ಅರ್ಧ ಕಿಲೋ ತಪ್ಪಿದರೆ ಅವನ ಆ ದಿನದ ಲಾಭ ಹೋದಂತೆ.

ಕಾಲೇಜಿನ ಮಕ್ಕಳೆ, ನಿಮ್ಮ ಪಠ್ಯದಲ್ಲಿ ‘ಯಾದೃಚ್ಛಿಕ ಮಾದರಿ’ ಎಂದು ಓದುತ್ತೀರಲ್ಲ, ಆ ರೀಲರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಮೇಲಿನ ಪದರದ ಗೂಡು ಚೆನ್ನಾಗಿರುವುದು ಮಾರುವವನಿಗೆ ಬೇಕಾದದ್ದು. ಆದ್ದರಿಂದ ಅದರಿಂದ ಇಡೀ ಲಾಟು ತಿಳಿಯುವುದಿಲ್ಲ ಎಂಬ ವಿವೇಕ ಅವನ ಕೈಗಿದೆ. ಇದೇ ವಿವೇಕವನ್ನು ಒಂದು ದೇಶದ ಅಳತೆಗೆ ಹಿಗ್ಗಿಸಿದವರು ಪ್ರಶಾಂತಚಂದ್ರ ಮಹಲನೋಬಿಸ್. 1931ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ‘ಸಂಖ್ಯಾ’ ಎಂಬ ಪತ್ರಿಕೆ ತೆಗೆದರು. ಆ ಸಂಸ್ಥೆಗೆ 1941ರಲ್ಲಿ ಒಬ್ಬ ಹುಡುಗ ಕಲಿಯಲು ಬಂದ. ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಅವರೇ ಸಿ. ಆರ್. ರಾವ್.

ರಾವ್ ಅವರ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 1940ರ ದಶಕದಲ್ಲಿ ಅವರು ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ, ಮಾದರಿ ಬಹಳ ದೊಡ್ಡದಿದ್ದರೆ ಅಂದಾಜಿನ ನಿಖರತೆಗೆ ಇಂಥದೊಂದು ಮಿತಿ ಇದೆ ಎಂಬ, ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರ ಫಲಿತವನ್ನು ವಿವರಿಸಿದರು. ತರಗತಿಯಲ್ಲಿ ಕೂತಿದ್ದ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: ಮಾದರಿ ಚಿಕ್ಕದಾದರೆ? ರಾವ್ ಬಳಿ ಉತ್ತರವಿರಲಿಲ್ಲ. ರಾತ್ರಿ ಕೂತು ಬಿಡಿಸಿ ಮಾರನೆಯ ದಿನ ತಂದರು. ಇಂದು ಜಗತ್ತಿನ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಕ್ರಾಮೆರ್–ರಾವ್ ಮಿತಿ ಎಂದು ಕಲಿಸುವುದು ಅದನ್ನೇ, ಅಚ್ಚಾದದ್ದು 1945ರಲ್ಲಿ. ಕೈಯಲ್ಲಿರುವ ಹಿಡಿಗೂಡಿನಿಂದ ಎಷ್ಟು ತಿಳಿಯಬಹುದೋ ಅಷ್ಟೇ ತಿಳಿಯಬಹುದು, ಎಂಥ ಜಾಣ ಲೆಕ್ಕ ಹಾಕಿದರೂ ಅದಕ್ಕಿಂತ ಹೆಚ್ಚು ನಿಖರವಾಗಿ ಹೇಳಲಾಗದು ಎಂಬುದು ಅದರ ಹುರುಳು. ರಾವ್ ನೂರೆರಡು ವರ್ಷ ಬಾಳಿ 2023ರ ಆಗಸ್ಟಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತ್ತು.

ಎದ್ದು ಪ್ರಶ್ನೆ ಕೇಳಿದ ವಿದ್ಯಾರ್ಥಿ ಯಾರು ಗೊತ್ತೆ? ವಿ. ಎಂ. ದಾಂಡೇಕರ್. ಮುಂದೆ ಪುಣೆಯ ಗೋಖಲೆ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞರಾಗಿ, 1971ರಲ್ಲಿ ನೀಲಕಂಠ ರಥ್ ಅವರೊಂದಿಗೆ ಭಾರತದ ಬಡತನವನ್ನು ಅಳೆದು ದೇಶದ ಕಣ್ಣು ತೆರೆಸಿದರಲ್ಲ, ಅದೇ ದಾಂಡೇಕರ್. ಒಬ್ಬ ಅರ್ಥಶಾಸ್ತ್ರಜ್ಞನಾಗಬೇಕಾದವನ ಪ್ರಶ್ನೆಯಿಂದ ಒಬ್ಬ ಸಂಖ್ಯಾಶಾಸ್ತ್ರಜ್ಞನ ಹೆಸರು ಚಿರವಾಯಿತು. ನಾನು ಇವತ್ತು ಹೇಳಬೇಕೆಂದಿರುವ ಪರಂಪರೆ ಇಂಥ ಪ್ರಶ್ನೆಗಳದು. ಒಂದು ಅಂಕಿ ಕಚೇರಿಯಿಂದ ಹೊರಬಿದ್ದ ಕೂಡಲೇ ನಿಜವಾಗುವುದಿಲ್ಲ. ಅದನ್ನು ಹೇಗೆ ಕಟ್ಟಿದರು ಎಂದು ಎದ್ದು ಕೇಳುವವರಿದ್ದರೆ, ಕೇಳಿದವರಿಗೆ ಲೆಕ್ಕದ ಒಳಮನೆ ತೆರೆದಿದ್ದರೆ, ಆಗ ಅದು ಮೆಲ್ಲಗೆ ನಿಜದ ಹತ್ತಿರ ಬರುತ್ತದೆ.

ಮಾರುಕಟ್ಟೆಗೆ ವಾಪಸು ಬರೋಣ. ಹರಾಜು ಮುಗಿದ ಮೇಲೆ ಕನಿಷ್ಠ, ಗರಿಷ್ಠ, ಸರಾಸರಿ ಎಂದು ಮೂರು ದರ ಹೇಳುತ್ತಾರೆ. ಬಹಳ ವರ್ಷದ ಹಿಂದೆ ಒಬ್ಬ ಹಿರಿಯ ರೈತರು ನನ್ನ ಭುಜ ಹಿಡಿದು ಕೇಳಿದರು: “ಸಾರ್, ಗರಿಷ್ಠ ಆ ಚನ್ನಪಟ್ಟಣದ ಹುಡುಗನಿಗೆ ಬಿತ್ತು, ಕಣ್ಣಾರೆ ಕಂಡೆ. ಕನಿಷ್ಠ ನನಗೇ ಬಿತ್ತು. ಈ ಸರಾಸರಿ ಯಾರಿಗೆ ಬಿತ್ತು?”

ಅವತ್ತು ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಇವತ್ತು ಹೇಳುತ್ತೇನೆ. ಲೆಕ್ಕಕ್ಕೆಂದು ಮೂರೇ ಲಾಟು ಇಟ್ಟುಕೊಳ್ಳಿ. 60 ಕಿಲೋ ಲಾಟು 650 ರೂಪಾಯಿಗೆ ಹೋಯಿತು, 20 ಕಿಲೋದ್ದು 500ಕ್ಕೆ, ಇನ್ನೊಂದು 20 ಕಿಲೋದ್ದು 450ಕ್ಕೆ. ಮೂರು ದರ ಕೂಡಿ ಮೂರರಿಂದ ಭಾಗಿಸಿದರೆ 533 ರೂಪಾಯಿ. ಕಿಲೋ ಲೆಕ್ಕದಲ್ಲಿ ತೂಗಿ ನೋಡಿದರೆ, ಮಾರಿದ್ದು 100 ಕಿಲೋ, ಬಂದದ್ದು 58,000, ಅಂದರೆ ಕಿಲೋಗೆ 580. ಎರಡೂ ಸರಾಸರಿಯೇ, ಎರಡೂ ಸುಳ್ಳಲ್ಲ. ಮಾರುಕಟ್ಟೆಗೆ ಒಟ್ಟು ಎಷ್ಟು ದುಡ್ಡು ಬಂತು ಎಂದು ತಿಳಿಯಬೇಕಾದವನಿಗೆ 580 ಬೇಕು. ಸಾಮಾನ್ಯ ಲಾಟಿಗೆ ಹೇಗೆ ದರ ಬಿತ್ತು ಎಂದು ಕೇಳುವವನಿಗೆ ನಡುವಿನ ಲಾಟಿನ 500 ಬೇಕು. ಆ ಹಿರಿಯರಿಗೆ ಬಿದ್ದದ್ದು 450. ಯಾವ ಪ್ರಶ್ನೆಗೆ ಯಾವ ಸರಾಸರಿ ಎಂದು ತೀರ್ಮಾನವಾಗದೆ ಬರೀ ‘ಸರಾಸರಿ’ ಎಂದರೆ ಅರ್ಧ ಮಾತು. ಅದಕ್ಕೇ ಇಬ್ಬರು ಅರ್ಥಶಾಸ್ತ್ರಜ್ಞರು ಸೇರಿದರೆ ಮೊದಲು ಜಗಳವಾಗುವುದು ಉತ್ತರದ ಮೇಲಲ್ಲ, ಪ್ರಶ್ನೆಯ ಮೇಲೆ.

ಈಗ ಮಾಗಡಿಯ ಕಡೆ ಹೋಗೋಣ. ನಾನು ಹುಟ್ಟಿದ ನೆಲ, ರಾಗಿ ಹೊಲದ ನೆಲ. ಬೆಳೆ ಕಟಾವು ಪ್ರಯೋಗ ಎಂದು ನೀವು ಕೇಳಿರುತ್ತೀರಿ. ಸರ್ವೆ ನಂಬರನ್ನು ಆಯ್ಕೆ ಮಾಡಿ, ಹೊಲದ ನೈಋತ್ಯ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದ, ಇಷ್ಟು ಹೆಜ್ಜೆ ಅಡ್ಡ ನಡೆದು, ಅಲ್ಲಿ ಗೂಟ ಹೊಡೆದು ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಚೌಕ ಹಾಕಿ ಹಗ್ಗ ಕಟ್ಟುತ್ತಾರೆ. ಒಳಗಿನ ಪೈರು ಕೊಯ್ದು, ಬಡಿದು, ತೂಗಿ ಬರೆದುಕೊಳ್ಳುತ್ತಾರೆ. ಇಷ್ಟು ಸರಳ. ಆದರೆ ಈ ಹಗ್ಗದ ಅಳತೆಯ ಮೇಲೆ 1940ರ ದಶಕದಲ್ಲಿ ಈ ದೇಶದ ಇಬ್ಬರು ಘಟಾನುಘಟಿಗಳು ವಾದ ಮಾಡಿದ್ದಾರೆ. ಬಂಗಾಳದಲ್ಲಿ ಸಮೀಕ್ಷೆ ನಡೆಸುತ್ತಿದ್ದ ಮಹಲನೋಬಿಸ್ ಸಣ್ಣ ತುಂಡು ಸಾಕು, ತುಂಡುಗಳ ಸಂಖ್ಯೆ ಹೆಚ್ಚಿರಲಿ ಎಂದರು. ಕೆಲವೇ ಅಡಿಯ ವೃತ್ತ ಹಾಕಿ ಕೊಯ್ಯಿಸಿದರು. ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದ ಪಿ. ವಿ. ಸುಖಾತ್ಮೆ ಒಪ್ಪಲಿಲ್ಲ. ತುಂಡು ಸಣ್ಣದಾದಷ್ಟೂ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಪ್ರಯೋಗ ಮಾಡಿಯೇ ತೋರಿಸಿದರು.

ಯಾಕೆ ಹಾಗೆ? ರಾಗಿ ಕೊಯ್ದ ಕೈಗೆ ಇದರ ಉತ್ತರ ಗೊತ್ತು. ಹಗ್ಗದ ಮೇಲೇ ನಿಂತ ಬುಡವೊಂದಿದೆ. ತೆನೆ ಒಳಕ್ಕೆ ಬಾಗಿದೆ, ಬೇರು ಹೊರಗಿದೆ. ಕುಡುಗೋಲು ಹಿಡಿದವನು ಏನು ಮಾಡುತ್ತಾನೆ? ಎಳೆದುಕೊಂಡು ಕೊಯ್ಯುತ್ತಾನೆ. ಬೆಳೆದ ಪೈರನ್ನು ಬಿಟ್ಟು ಬರಲು ಒಕ್ಕಲಿಗನ ಮನಸ್ಸು ಒಪ್ಪುವುದಿಲ್ಲ. ಅದು ಮೋಸವಲ್ಲ, ಅಭ್ಯಾಸ. ಐದು ಮೀಟರ್ ಚೌಕಕ್ಕೆ ಅಂಚು 20 ಮೀಟರ್, ಒಳಗಿನ ನೆಲ 25 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿಗೆ 80 ಸೆಂಟಿಮೀಟರ್ ಅಂಚು. ಅದೇ ಒಂದು ಮೀಟರಿನ ಪುಟ್ಟ ಚೌಕ ಹಾಕಿದರೆ ಒಂದು ಚದರ ಮೀಟರಿಗೆ 4 ಮೀಟರ್ ಅಂಚು. ಎಳೆದು ಕೊಯ್ಯುವ ಆಸೆಗೆ ಐದು ಪಟ್ಟು ಜಾಗ! ಮಹಲನೋಬಿಸ್ ತಮ್ಮ ‘ಸಂಖ್ಯಾ’ದಲ್ಲಿ ಪ್ರತಿವಾದ ಬರೆದರು, ಕೆಲಸಗಾರರನ್ನು ಚೆನ್ನಾಗಿ ತಯಾರು ಮಾಡಿದರೆ ಈ ದೋಷ ತಡೆಯಬಹುದು ಎಂಬುದು ಅವರ ಪಟ್ಟು. ನನಗೆ ಸುಖಾತ್ಮೆ ಕಡೆಯೇ ವಾಲಬೇಕೆನ್ನಿಸುತ್ತದೆ. ಯಾಕೆಂದರೆ ಆ ಅಂಚಿನ ತೆನೆಗೆ ಕೈ ಚಾಚಿದವರಲ್ಲಿ ನನ್ನ ಅಪ್ಪನೂ ಒಬ್ಬರು.

ಇದು ಎಂಬತ್ತು ವರ್ಷದ ಹಿಂದಿನ ವಾದ, ನಮಗೇನು ಎನ್ನಬೇಡಿ. 2016ರಿಂದ ಬಂದಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಒಂದು ಪಂಚಾಯಿತಿಗೆ ಒಂದು ಬೆಳೆಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗ. ಆ ನಾಲ್ಕು ಚೌಕಗಳ ಸರಾಸರಿ, ಹಿಂದಿನ ವರ್ಷಗಳಿಂದ ಕಟ್ಟಿದ ಮಟ್ಟಕ್ಕಿಂತ ಇಳಿದಿದ್ದರೆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ, ಇಳಿಯದಿದ್ದರೆ ಯಾರಿಗೂ ಇಲ್ಲ. ಕೆರೆ ಕೆಳಗಿನ ಹೊಲದವನದೂ ಗುಡ್ಡದ ತಪ್ಪಲಿನ ಹೊಲದವನದೂ ಒಂದೇ ಸರಾಸರಿ. ಹಗ್ಗದ ಅಂಚಿನ ಒಂದು ಹಿಡಿ ತೆನೆ ಈಗ ನೂರಾರು ಮನೆಯ ವಿಮೆಯನ್ನು ತೀರ್ಮಾನ ಮಾಡುತ್ತದೆ. ಕಟಾವು ಪ್ರಯೋಗ ನಡೆಯುವ ದಿನ ಊರಿನವರು ಹೊಲದ ಬದುವಿನಲ್ಲಿ ನಿಂತು ನೋಡಬೇಕು. ಕುತೂಹಲಕ್ಕಲ್ಲ, ಸುಖಾತ್ಮೆ ನೋಡಿದ ಹಾಗೆ ನೋಡಬೇಕು.

ಇನ್ನು ಬಡತನದ ಲೆಕ್ಕ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದರ ಒಂದು ತುಣುಕು ನನ್ನ ಕಣ್ಣೆದುರೇ ನಡೆಯಿತು.

ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಶುರುವಾಯಿತು. ಮನೆಮನೆಗೆ ಹೋಗಿ, ಕಳೆದ 30 ದಿನದಲ್ಲಿ ಏನು ತಿಂದಿರಿ, ಏನು ಕೊಂಡಿರಿ ಎಂದು ಕೇಳುವುದು ಅದರ ಪದ್ಧತಿ. ಮೂವತ್ತೇ ಯಾಕೆ? ಅದನ್ನೂ ಆರಂಭದಲ್ಲೇ ಬಂಗಾಳದಲ್ಲಿ ಪರೀಕ್ಷೆ ಮಾಡಿದ್ದರು. ಕೆಲವು ಮನೆಗಳಲ್ಲಿ ಕೇಳಿ ಬರೆದುಕೊಂಡರು, ಕೆಲವು ಮನೆಗಳಲ್ಲಿ ನಿಜವಾಗಿ ತೂಗಿಯೇ ನೋಡಿದರು. ಅಕ್ಕಿಯಂಥ ದಿನಸಿಗೆ ವಾರದ ನೆನಪಿಗಿಂತ ತಿಂಗಳ ನೆನಪೇ ತೂಕಕ್ಕೆ ಹತ್ತಿರ ಬಂತು. ಬೇರೆ ದೇಶಗಳ ತಜ್ಞರು ಇದನ್ನು ಒಪ್ಪಲಿಲ್ಲ, ತಿಂಗಳೆಂದರೆ ಮನುಷ್ಯ ಮರೆಯುತ್ತಾನೆ ಎಂದರು. 1990ರ ದಶಕದಲ್ಲಿ ಮತ್ತೆ ಪ್ರಯೋಗವಾಯಿತು: ಅರ್ಧ ಮನೆಗಳಿಗೆ 30 ದಿನದ ಪ್ರಶ್ನೆ, ಅರ್ಧಕ್ಕೆ ಏಳು ದಿನದ ಪ್ರಶ್ನೆ. ಏಳು ದಿನದ ಪ್ರಶ್ನೆ ಕೇಳಿದ ಕಡೆ ಖರ್ಚು ಹೆಚ್ಚು ಕಂಡಿತು. ಎಷ್ಟು ಹೆಚ್ಚೆಂದರೆ, ಅದೇ ಬಡತನ ರೇಖೆ ಇಟ್ಟು ನೋಡಿದರೆ ದೇಶದ ಬಡವರ ಸಂಖ್ಯೆ ಸುಮಾರು ಅರ್ಧವಾಗಿಬಿಡುತ್ತಿತ್ತು. ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬೀಳಲಿಲ್ಲ. ಪ್ರಶ್ನೆ ಬದಲಾಯಿತು, ಅಷ್ಟೆ.

1999ರ ಜುಲೈನಿಂದ 2000ದ ಜೂನ್‌ವರೆಗೆ ಆ ಸಮೀಕ್ಷೆಯ 55ನೆಯ ಸುತ್ತು. ಈ ಸಲ ಒಂದು ರಾಜಿ ಮಾಡಿದರು. ಆಹಾರಕ್ಕೆ ಏಳು ದಿನದ ಕಾಲಮ್ಮೂ ಮೂವತ್ತು ದಿನದ ಕಾಲಮ್ಮೂ ಒಂದೇ ಪುಟದಲ್ಲಿ, ಪಕ್ಕಪಕ್ಕದಲ್ಲಿ. ಆಗ ಕ್ಷೇತ್ರ ಕೆಲಸಕ್ಕೆ ಹೋಗುವವರ ಜೊತೆ ನಾನೂ ಕನಕಪುರ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಜಗುಲಿಯ ಮೇಲೆ ಕೂತೆವು. ಮನೆಯೊಡತಿ ಚಾಕಿ ಹಂತದ ಎಳೆ ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುತ್ತಲೇ ಉತ್ತರ ಹೇಳುತ್ತಿದ್ದರು. “ಏಳು ದಿನದ್ದು ಕೇಳಪ್ಪ, ಹೇಳ್ತೀನಿ. ತಿಂಗಳದ್ದು ಯಾರು ಲೆಕ್ಕ ಇಟ್ಕೋತಾರೆ?” ಅವರು ಏಳು ದಿನದ್ದು ಹೇಳಿದರು. ಪೆನ್ನು ಹಿಡಿದವರು ಮನಸ್ಸಿನಲ್ಲೇ ನಾಲ್ಕರಿಂದ ಗುಣಿಸಿ, ಸ್ವಲ್ಪ ಸೇರಿಸಿ ಪಕ್ಕದ ಕಾಲಮ್ಮು ತುಂಬಿದರು. ಆ ದಿನ ನನಗೆ ಅದು ತಪ್ಪು ಅನ್ನಿಸಲಿಲ್ಲ. ಸಂಜೆಯೊಳಗೆ ಇನ್ನೂ ಎರಡು ಮನೆ ಮುಗಿಸಬೇಕಾಗಿತ್ತು.

ಆ ಸುತ್ತಿನ ಫಲಿತಾಂಶದ ಮೇಲೆ, 1993–94ರಲ್ಲಿ ಶೇ. 36ರಷ್ಟಿದ್ದ ಬಡತನ ಶೇ. 26.1ಕ್ಕೆ ಇಳಿದಿದೆ ಎಂದು ಸರ್ಕಾರ ಹೇಳಿತು. ಆಗ ಎದ್ದಿತು ನೋಡಿ ವಾದ. ಮುಂಬೈಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅಭಿಜಿತ್ ಸೇನ್ ಬರೆದರು: ಪಕ್ಕದ ಕಾಲಮ್ಮಿನಿಂದಾಗಿ 30 ದಿನದ ಉತ್ತರ ಕಲುಷಿತವಾಗಿದೆ, ಹಳೆಯದರ ಜೊತೆ ಹೋಲಿಸಬೇಡಿ. ದೆಹಲಿಯ ಕೆ. ಸುಂದರಂ ಮತ್ತು ಸುರೇಶ್ ತೆಂಡೂಲ್ಕರ್ ಅದೇ ಸುತ್ತಿನ ಉದ್ಯೋಗ ಸಮೀಕ್ಷೆಯನ್ನು ತೆರೆದರು. ಅಲ್ಲಿ ಖರ್ಚಿನ ಒಂದು ಚಿಕ್ಕ ಪಟ್ಟಿ ಇತ್ತು, ಬರೀ 30 ದಿನದ್ದು. ಅದರ ಜೊತೆ ಹೋಲಿಸಿ, ಕಲುಷಿತವಾದದ್ದು ಅಷ್ಟೇನಿಲ್ಲ ಎಂದರು. ಪ್ರಿನ್ಸ್‌ಟನ್ನಿನ ಆಂಗಸ್ ಡೀಟನ್ ಇನ್ನೊಂದು ಉಪಾಯ ಹೂಡಿದರು: ಸೌದೆ, ಸೀಮೆಎಣ್ಣೆಯಂಥ ಕೆಲವು ಬಾಬುಗಳ ಪ್ರಶ್ನೆ ಎರಡೂ ಸುತ್ತಿನಲ್ಲಿ ಬದಲಾಗಿರಲಿಲ್ಲ. ಆ ಬದಲಾಗದ ಬಾಬುಗಳನ್ನು ಊರುಗೋಲಾಗಿ ಹಿಡಿದು ಒಟ್ಟು ಖರ್ಚನ್ನು ಅಂದಾಜು ಮಾಡಿದರು. 2002ರಲ್ಲಿ ಜಾನ್ ದ್ರೇಜ್ ಅವರ ಜೊತೆ ಬರೆದ ಲೇಖನದಲ್ಲಿ ಬಂದ ತೀರ್ಮಾನ, ಸರ್ಕಾರ ಹೇಳಿದಷ್ಟು ಅಲ್ಲದಿದ್ದರೂ ಬಡತನ ಇಳಿದಿರುವುದು ನಿಜ ಎಂಬುದು. 2005ರಲ್ಲಿ ಈ ವಾದಗಳೆಲ್ಲ ಒಂದು ಪುಸ್ತಕವಾದವು. 2015ರಲ್ಲಿ ಡೀಟನ್ ಅವರಿಗೆ ನೊಬೆಲ್ ಬಂತು.

ಆ ಲೇಖನಗಳನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ಆ ಜಗುಲಿ. ಪ್ರಿನ್ಸ್‌ಟನ್ನಿನಲ್ಲಿ ಸಮೀಕರಣ ಬರೆದವರು ಹುಡುಕುತ್ತಿದ್ದುದು ಆ ಸೊಪ್ಪು ಕತ್ತರಿಸುವ ತಾಯಿಯ ಉತ್ತರಕ್ಕೂ ಪೆನ್ನಿನವರ ಗುಣಾಕಾರಕ್ಕೂ ನಡುವೆ ಏನಾಯಿತು ಎಂಬುದನ್ನೇ. ಅವರು ಕಂಡುಹಿಡಿದದ್ದು ಬಲು ದೊಡ್ಡದು, ನಾನು ತಲೆಬಾಗುತ್ತೇನೆ. ಆದರೆ ಆ ತಾಯಿಯನ್ನು ಕೇಳಿದ್ದರೆ ಅವರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಆ ವಾದದ ಮನೆಗೆ ಅವರಿಗೆ ಬಾಗಿಲಿರಲಿಲ್ಲ.

ದಾಂಡೇಕರ್–ರಥ್ ಅವರ 1971ರ ಬಡತನ ರೇಖೆಗೂ ಇಂಥದೇ ಎದುರುವಾದ ಬಂದಿತ್ತು, ಬಂದದ್ದು ಮತ್ತೆ ಸುಖಾತ್ಮೆ ಅವರಿಂದ. ದಿನಕ್ಕೆ 2,250 ಕ್ಯಾಲೊರಿ ಎಂಬುದು ಸರಾಸರಿ ಅಗತ್ಯ. ಮನುಷ್ಯನಿಂದ ಮನುಷ್ಯನಿಗೆ, ಒಬ್ಬನಲ್ಲೇ ದಿನದಿಂದ ದಿನಕ್ಕೆ ಅದು ಏರಿಳಿಯುತ್ತದೆ. ಸರಾಸರಿಯನ್ನೇ ಗೆರೆಯಾಗಿ ಎಳೆದರೆ ಅದರ ಕೆಳಗಿನವರೆಲ್ಲ ಹಸಿದವರು ಎನ್ನಲಾಗದು ಎಂದರು. ಆ ಮಾತನ್ನು ಹಸಿವನ್ನು ಕಡಿಮೆ ಮಾಡಿ ತೋರಿಸಲು ಬಳಸಿಕೊಂಡವರೂ ಇದ್ದಾರೆ. ಅದು ಸುಖಾತ್ಮೆಯ ತಪ್ಪಲ್ಲ ಎಂದು ನನ್ನ ಎಣಿಕೆ.

ಕನಕಪುರದ ಇನ್ನೊಂದು ಅಂಕಿ. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ನಿಮಗೆಲ್ಲ ಗೊತ್ತು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ತೂಗಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದರು. ಅದರಲ್ಲಿ 39 ಅತ್ಯಂತ ಹಿಂದುಳಿದವು. ರಾಜಧಾನಿಗೆ ಒಂದೂವರೆ ಗಂಟೆಯ ದಾರಿಯ ಕನಕಪುರವೂ ಆ ಪಟ್ಟಿಯಲ್ಲಿತ್ತು. ಹಿಂದುಳಿದ ತಾಲ್ಲೂಕೆಂದರೆ ಉತ್ತರ ಕರ್ನಾಟಕವೇ ಎಂದುಕೊಂಡಿದ್ದವರು ಬೆಚ್ಚಿದರು. ಕಾವೇರಿ ಸಂಗಮದ ಕಡೆಯ ಕಾಡಂಚಿನ ಊರುಗಳನ್ನು ನೋಡಿದವರು ಬೆಚ್ಚಲಿಲ್ಲ. ಆ ವರದಿಯ ದೊಡ್ಡತನ ಜಿಲ್ಲೆಯ ಸರಾಸರಿಯನ್ನು ಒಡೆದು ತಾಲ್ಲೂಕಿಗೆ ಇಳಿದದ್ದರಲ್ಲಿದೆ. ಮೂವತ್ತೈದರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬ ಪ್ರಶ್ನೆ ಮಾತ್ರ ಇಂದಿಗೂ ಮುಗಿದಿಲ್ಲ, ಮುಗಿಯಲೂ ಬಾರದು. ಆಸ್ಪತ್ರೆಯ ಹಾಸಿಗೆ ಹೆಚ್ಚೋ, ಡಾಂಬರು ರಸ್ತೆ ಹೆಚ್ಚೋ ಎಂಬುದನ್ನು ಗಣಿತ ಹೇಳುವುದಿಲ್ಲ. ಎರಡು ದಶಕದ ಮೇಲೆ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ಸಂಶೋಧನೆ ಮಾಡುವ ಮಕ್ಕಳು ಎರಡನ್ನೂ ಹೋಲಿಸುವಾಗ ಒಂದನ್ನು ನೆನಪಿಡಿ: ಕನಕಪುರದ ಅಂಕಿಯನ್ನು 1986ಕ್ಕೆ ಮುಂಚೆ ಬೆಂಗಳೂರು ಜಿಲ್ಲೆಯ ಪುಸ್ತಕದಲ್ಲಿ ಹುಡುಕಬೇಕು, ಆಮೇಲೆ ಬೆಂಗಳೂರು ಗ್ರಾಮಾಂತರದಲ್ಲಿ, 2007ರಿಂದ ರಾಮನಗರದಲ್ಲಿ, 2025ರಿಂದ ಬೆಂಗಳೂರು ದಕ್ಷಿಣದಲ್ಲಿ. ಅದರ ನಡುವೆ ಹಾರೋಹಳ್ಳಿ ಬೇರೆ ತಾಲ್ಲೂಕಾಗಿ ಹೊರಟಿದೆ. ಹೆಸರು ಒಂದೇ ಎಂದು ನೆಲವೂ ಒಂದೇ ಎಂದುಕೊಂಡರೆ ಲೆಕ್ಕ ಕೆಡುತ್ತದೆ.

ಜನಗಣತಿಯ ಮಾತನ್ನೂ ಆಡಿಬಿಡುತ್ತೇನೆ. ನಮ್ಮ ಜಿಲ್ಲೆಯ ಆಗಿನ ನಾಲ್ಕು ತಾಲ್ಲೂಕಿನ ಜನಸಂಖ್ಯೆ ಸುಮಾರು 10.8 ಲಕ್ಷ ಎಂದು ಇವತ್ತಿಗೂ ಬರೆಯುತ್ತೇವೆ. ಅದು 2011ರ ಎಣಿಕೆ. ಅಂದು ಹುಟ್ಟಿದ ಮಗು ಈಗ ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿದೆ. ಪಡಿತರದ ಪಾಲು ಆ ಹಳೆಯ ಎಣಿಕೆಯ ಮೇಲೇ ನಿಂತಿದೆ. 2017–18ರ ಖರ್ಚಿನ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಸರ್ಕಾರ ಪ್ರಕಟಿಸಲೇ ಇಲ್ಲ. ಮುಂದಿನದು 2022–23ಕ್ಕೆ ನಡೆಯಿತು. ಅದರಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಮೂರು ಬೇರೆ ಪಟ್ಟಿ ಕೇಳಿದರು, ಹಾಗಾಗಿ ಹಳೆಯದಕ್ಕೆ ನೇರ ಹೋಲಿಕೆ ಮತ್ತೆ ಕಷ್ಟ. ಕೆಟ್ಟ ಅಂಕಿಯ ಜೊತೆ ಜಗಳವಾಡಬಹುದು, ತಿದ್ದಬಹುದು. 55ನೆಯ ಸುತ್ತಿನಲ್ಲಿ ಆದದ್ದು ಅದೇ. ಮುಚ್ಚಿಟ್ಟ ಅಂಕಿಯ ಜೊತೆ ಏನು ಮಾಡುವುದು? 2019ರ ಮಾರ್ಚಿನಲ್ಲಿ 108 ಮಂದಿ ಅರ್ಥಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು ಸೇರಿ ಅಂಕಿಸಂಸ್ಥೆಗಳ ಸ್ವಾತಂತ್ರ್ಯ ಉಳಿಸಿ ಎಂದು ಹೇಳಿಕೆ ಕೊಟ್ಟದ್ದು ಇಂಥ ಆತಂಕದಿಂದಲೇ. ನಾನು ಯಾವ ಪಕ್ಷದವನೂ ಅಲ್ಲ, ಆ ಆತಂಕ ಮಾತ್ರ ನನ್ನದೂ ಹೌದು.

ಕೊನೆಗೆ ಭಾಷೆಯ ವಿಚಾರ. ಇದು ನನ್ನ ಎದೆಗೆ ಹತ್ತಿರದ್ದು. ಇಲ್ಲಿಯವರೆಗೆ ಹೇಳಿದ ವಾದಗಳೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲೇ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ನಾಗರಬಾವಿಯ ಆ ಆವರಣದಲ್ಲಿ ಕರ್ನಾಟಕದ ಹಳ್ಳಿಗಳ ಮೇಲೆ ಬಹಳ ಕೆಲಸ ಆಗಿದೆ. ಆದರೆ ಮಾಗಡಿ ರಸ್ತೆ ಹಿಡಿದು ಬಂದರೆ ಎಷ್ಟೋ ಹತ್ತಿರದ ಆ ಮಾತು, ಮಾಗಡಿಗೆ ಬಂದು ತಲುಪುವುದು ಅಪರೂಪ. ಕನ್ನಡದಲ್ಲಿ ಇಂಥ ಚರ್ಚೆ ಆಗದು, ಪದಗಳಿಲ್ಲ ಎನ್ನುವವರಿಗೆ ಒಂದು ಇತಿಹಾಸ ನೆನಪಿಸುತ್ತೇನೆ. 1911ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಹುಟ್ಟಿತು. ಕೃಷಿ, ಕೈಗಾರಿಕೆ, ವಿದ್ಯೆ ಮೂರರ ಅಂಕಿ ಅಂಶ ಹಿಡಿದುಕೊಂಡು ಅಧಿಕಾರಿಗಳೂ ಊರಿನ ಪ್ರಮುಖರೂ ಒಟ್ಟಿಗೆ ಕೂತು ವಾದ ಮಾಡುವ ಸಭೆ ಅದು. ಕನ್ನಡ ಭಾಷೆಗೆ ಒಂದು ಸಂಸ್ಥೆ ಬೇಕೆಂಬ ಯೋಚನೆ ಬೆಳೆದದ್ದು ಆ ಸಭೆಯಲ್ಲಿ. 1915ರ ಮೇ ತಿಂಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಆಯಿತು. ನಾವು ಇಂದು ನಡೆಸುತ್ತಿರುವ ದತ್ತಿ ಉಪನ್ಯಾಸದ ಪದ್ಧತಿಯನ್ನು ಊರೂರಿಗೆ ಒಯ್ದದ್ದು ಅದೇ ಪರಿಷತ್ತು. ಅಂದರೆ ನಮ್ಮಲ್ಲಿ ಅರ್ಥಶಾಸ್ತ್ರದ ಲೆಕ್ಕವೂ ಕನ್ನಡದ ಅಕ್ಷರವೂ ಒಂದೇ ತೊಟ್ಟಿಲಲ್ಲಿ ಆಡಿದವು. ಬೇರೆಬೇರೆ ಮನೆಗೆ ಹೋದದ್ದು ಆಮೇಲೆ.

ಪದಗಳ ಚಿಂತೆ ಬೇಡ. ಎರಡನೆಯ ಜ್ವರ, ನಾಲ್ಕನೆಯ ಜ್ವರ, ಹಣ್ಣು ಹುಳು, ಚಂದ್ರಿಕೆ, ಸುಣ್ಣಕಟ್ಟು, ಸಪ್ಪೆ ರೋಗ ಎಂದು ಒಂದು ರೇಷ್ಮೆಹುಳುವಿನ ಇಪ್ಪತ್ತೈದು ದಿನದ ಬಾಳಿಗೆ ಇಷ್ಟೊಂದು ಮಾತು ಕಟ್ಟಿದ ಜನ ನಾವು. ನೂರು ಮೊಟ್ಟೆಗೆ ಎಷ್ಟು ಕಿಲೋ ಗೂಡು ಎಂದು ಒಬ್ಬರನ್ನೊಬ್ಬರು ಕೇಳುವಾಗ ಇಳುವರಿಯ ಅನುಪಾತವನ್ನೇ ಮಾತಾಡುತ್ತೇವೆ. ನನ್ನ ಕೋರಿಕೆ ಇಷ್ಟು: ನಮ್ಮ ಪಂಚಾಯಿತಿಯ ಕಟಾವು ಪ್ರಯೋಗದ ನಾಲ್ಕು ತೂಕ, ಗೂಡಿನ ಮಾರುಕಟ್ಟೆಯ ಲಾಟುವಾರು ದರ, ಆ ಪಂಚಾಯಿತಿಯ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಮಕ್ಕಳು ಅಲ್ಲಿ ಹೋಗಿ ಕೂರಲಿ. ಜನ ತಪ್ಪು ಹಿಡಿಯಲಿ. ಹಿಡಿದ ತಪ್ಪನ್ನು ಬರೆದು ಮೇಲಕ್ಕೆ ಕಳಿಸಲಿ.

ಇದು ಆಗುವ ಕೆಲಸವೇ ಎಂದು ಕೇಳುವವರಿಗಾಗಿ ಆ ಕನಕಪುರದ ಜಗುಲಿಗೆ ಮತ್ತೊಮ್ಮೆ ಹೋಗಿಬರುತ್ತೇನೆ. ಪಟ್ಟಿ ತುಂಬಿ ಮುಗಿದಿತ್ತು. ಪೆನ್ನಿನವರು ನೀರು ಕುಡಿಯಲು ಎದ್ದಿದ್ದರು. ಆ ತಾಯಿ ಕತ್ತಿ ಕೆಳಗಿಟ್ಟು ನನ್ನ ಕಡೆ ತಿರುಗಿ, “ಏನು ಬರ್ಕೊಂಡ್ರಿ ಅಂತ ಒಂದ್ಸಲ ಓದು ನೋಡೋಣ” ಎಂದರು. ಓದಿದೆ. ರಾಗಿಯ ಸಾಲಿಗೆ ಬಂದಾಗ ಕೈ ಅಡ್ಡ ಹಿಡಿದರು.

“ಹದಿನೈದು ಸೇರಲ್ಲ ಕಣಪ್ಪ, ಹನ್ನೆರಡು. ಇನ್ನು ಮೂರು ಸೇರು ನಮ್ಮಣ್ಣನ ಮನೆಗೆ ಕೊಟ್ಟೆ. ಅದನ್ನು ಉಂಡೋರು ಅವರು, ಅವರ ಲೆಕ್ಕಕ್ಕೆ ಬರ್ಕೊ.”

ತನಿಖೆಗಾರರ ಕೈಪಿಡಿ ಒಂದಿಡೀ ಪ್ಯಾರಾದಲ್ಲಿ ಹೇಳುವ ನಿಯಮ ಅದು. ಹದಿನೈದನ್ನು ಹೊಡೆದು ಹನ್ನೆರಡು ಮಾಡಿದೆ. ಆ ಪುಟದಲ್ಲಿ ಸರಿಯೆಂದು ನಾನು ಇವತ್ತಿಗೂ ಆಣೆ ಇಟ್ಟು ಹೇಳಬಲ್ಲ ಅಂಕಿ ಅದೊಂದೇ.